ರೇಂಜ್ ಸಿಗುವ ಪಾದೆ

ಮಣಿಪಾಲದ ಎಂಡ್ ಪಾಯಿಂಟ್. ಡಿಸೆಂಬರಿನ ಒಂದು ಭಾನುವಾರ, ಬೆಳಗ್ಗೆ ಆರೂವರೆ. ಕೆಳಗೆ ಸ್ವರ್ಣಾ ನದಿಯ ಮೇಲೆ ಮಂಜು ಕೆನೆಗಟ್ಟಿ ಕೂತಿದೆ. ತೆಂಗಿನ ತಲೆಗಳಷ್ಟೇ ಮೇಲೆದ್ದು, ಕುತ್ತಿಗೆಮಟ್ಟ ನೀರಿಗಿಳಿದು ನಿಂತವರ ಹಾಗೆ ಕಾಣುತ್ತವೆ. ವಾಕಿಂಗಿಗೆ ಬಂದ ಹಿರಿಯರು ಕೈ ಬೀಸಿ ಬೀಸಿ ಸುತ್ತು ಹಾಕುತ್ತಿದ್ದಾರೆ. ಪೂರ್ವಕ್ಕೆ, ಗುಡ್ಡೆಗಳೆಲ್ಲ ಮುಗಿದ ಮೇಲೆ, ಘಟ್ಟ ಒಂದು ನೀಲಿ ಗೆರೆ. ಮಳೆಗಾಲದಲ್ಲಿ ಆ ಗೆರೆ ಇರುವುದೇ ಇಲ್ಲ. ಚಳಿಗಾಲದ ಬೆಳಗ್ಗೆ ಮಾತ್ರ ಯಾರೋ ಈಗತಾನೆ ಎಳೆದು ಎದ್ದುಹೋದಂತಿರುತ್ತದೆ.

ಏಳು ಗಂಟೆಗೆ ಟೈಗರ್ ಸರ್ಕಲ್ಲಿನಲ್ಲಿ ಬೈಕುಗಳು ಕೂಡುತ್ತವೆ. ಹೆಚ್ಚಿನವು ಬಾಡಿಗೆಯವು. ಹೈದರಾಬಾದಿನ ಹುಡುಗ, ಲಖನೌದ ಹುಡುಗಿ, ಕೊಚ್ಚಿಯವರು ಇಬ್ಬರು, ಹೀಗೆ ದೇಶದ ಮೂಲೆಮೂಲೆಯಿಂದ ಇಲ್ಲಿಗೆ ಓದಲು ಬಂದವರು. ಬೆನ್ನಿಗೆ ಚೀಲ, ಚೀಲದಲ್ಲಿ ಒಂದು ಜೊತೆ ಒಣಬಟ್ಟೆ. ‘ಕೂಡ್ಲು, ಕೂಡ್ಲು’ ಎಂದು ಒಬ್ಬ ಕೈ ಎತ್ತಿ ಕೂಗಿದ. ಘಟ್ಟದ ಬುಡದ ಕೂಡ್ಲು ಜಲಪಾತಕ್ಕೆ ಹೊರಟವರು ಅವರು. ಅವನ ಬಾಯಲ್ಲಿ ಆ ಹೆಸರು ಊರಿನದ್ದಲ್ಲ, ನೀರಿಗೆ ಹಾರುವ ಸದ್ದಿನದ್ದು. ಅವರ ಹಿಂದೆ, ಅವರಷ್ಟು ವೇಗವಿಲ್ಲದೆ, ನನ್ನ ಹಳೆಯ ಸ್ಕೂಟರೂ ಹೊರಟಿತು.

ಪರ್ಕಳ, ಹಿರಿಯಡ್ಕ, ಪೆರ್ಡೂರು. ಮಲ್ಪೆಯಿಂದ ತೀರ್ಥಹಳ್ಳಿಗೆ ಏರುವ ಹೆದ್ದಾರಿ ಇದು, 169ಎ. ಗುಡ್ಡೆ ಕಡಿದಲ್ಲೆಲ್ಲ ಮುರಕಲ್ಲಿನ ಕೆಂಪು ಹಸಿಗಾಯದಂತೆ ಬಿಚ್ಚಿಕೊಂಡಿದೆ. ಹೆಬ್ರಿ ಮುಟ್ಟುವಾಗ ಗಾಳಿಯ ರುಚಿಯೇ ಬೇರೆ. ಸಮುದ್ರದ ಉಪ್ಪು ಹೋಗಿ ಕೊಳೆತ ಎಲೆಯ ತಂಪು ಬಂದಿರುತ್ತದೆ. ಹೋಟೆಲೊಂದರಲ್ಲಿ ಗೋಳಿಬಜೆ, ಚಹಾ. ಬೈಕಿನ ಮಕ್ಕಳು ಎರಡು ಬೆಂಚು ತುಂಬಿ ಗಲಗಲ ಎನ್ನುತ್ತಿದ್ದರು.

ಇಂಥದ್ದೇ ಬೆಂಚಿನ ಮೇಲೆ ಇಪ್ಪತ್ತು ವರ್ಷದ ಹಿಂದೆ ಕೂತದ್ದು ನೆನಪಾಯಿತು. ಆಗ ಎದುರಿಗಿದ್ದವರು ನಕ್ಸಲ್ ನಿಗ್ರಹ ಪಡೆಯ ಹಸಿರು ಚುಕ್ಕಿ ಬಟ್ಟೆಯವರು. ತೊಡೆಯ ಮೇಲೆ ಬಂದೂಕು, ಕೈಯಲ್ಲಿ ಚಹಾ ಲೋಟ. ಅವರೂ ಎಳೆಯರೇ, ಬಯಲುಸೀಮೆಯ ಊರುಗಳಿಂದ ಬಂದವರು. ಉಂಬಳ ಕಚ್ಚಿದ ಕಾಲು ಕೆರೆದುಕೊಳ್ಳುತ್ತ ಮಳೆಯನ್ನು ಬಯ್ಯುತ್ತಿದ್ದರು. ಅವರು ಕೂತಷ್ಟು ಹೊತ್ತು ಹೋಟೆಲಿನಲ್ಲಿ ಯಾರೂ ಯಾರನ್ನೂ ‘ಎಂತ ಸುದ್ದಿ?’ ಎಂದು ಕೇಳುತ್ತಿರಲಿಲ್ಲ. ನಮ್ಮ ಊರಿನಲ್ಲಿ ಈ ಪ್ರಶ್ನೆ ಕೇಳದೆ ಒಂದು ಲೋಟ ಚಹಾ ಇಳಿಯುವುದೆಂದರೆ ಅದು ಸಾಮಾನ್ಯ ಸಂಗತಿಯಲ್ಲ.

ಈ ಘಟ್ಟದಲ್ಲಿ ನಕ್ಸಲರ, ಪೊಲೀಸರ ನಡುವೆ ನಡೆದದ್ದನ್ನು ಯಾರೂ ಯುದ್ಧ ಎನ್ನಲಿಲ್ಲ. ಒಂದು ಕಡೆಯವರು ಹೋರಾಟ ಎಂದರು, ಇನ್ನೊಂದು ಕಡೆಯವರು ಕಾರ್ಯಾಚರಣೆ ಎಂದರು. ಬುಡದಲ್ಲಿದ್ದದ್ದು ಕಾಡು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ಬರೆದಾಗ ಮಲೆಕುಡಿಯ, ಗೌಡಲು ಬುಡಕಟ್ಟುಗಳ ಮನೆಗಳು ಗೆರೆಯ ಒಳಗೆ ಬಿದ್ದವು. 2001ರ ಅಂತಿಮ ಅಧಿಸೂಚನೆ ಬಂದ ಮೇಲೆ ಒಕ್ಕಲೆಬ್ಬಿಸುತ್ತಾರೆಂಬ ಭಯ ಮನೆಮನೆಗೆ ಹೊಕ್ಕಿತು. ಅದೇ ಘಟ್ಟದ ನೆತ್ತಿಯಲ್ಲಿ ಗಣಿ ಕಂಪನಿಯೊಂದು ಅದಿರು ತೆಗೆಯುತ್ತಿತ್ತು. ಅದಿರಿನ ರಾಡಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಜೇನು ತೆಗೆಯುವವನು ಕಾಡಿಗೆ ಅಪಾಯ, ಬೆಟ್ಟ ತೆಗೆಯುವವನು ಅಲ್ಲ ಎಂಬ ಲೆಕ್ಕ ಅಲ್ಲಿಯವರೆಗೂ ನಡೆದಿತ್ತು. ಆ ಲೆಕ್ಕದ ಬಿರುಕಿನಲ್ಲಿ ಬಂದೂಕು ಬೇರು ಬಿಟ್ಟಿತು.

2003ರ ನವೆಂಬರ್ 17ರಂದು ಕಾರ್ಕಳ ತಾಲೂಕಿನ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಿದ್ದರು. ಕರಾವಳಿಯವರ ಮಟ್ಟಿಗೆ ಎಲ್ಲ ಶುರುವಾದದ್ದು ಅಲ್ಲಿಂದ. 2005ರ ಫೆಬ್ರುವರಿಯಲ್ಲಿ ಘಟ್ಟದ ಮೇಲೆ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್. 2008ರ ಮೇ ತಿಂಗಳಲ್ಲಿ, ಚುನಾವಣೆಯ ಮತದಾನದ ಹೊಸ್ತಿಲಲ್ಲಿ, ಹೆಬ್ರಿ ಬಳಿಯ ಸೀತಾನದಿ ಊರಿನಲ್ಲಿ ನಕ್ಸಲರು ಶಾಲಾ ಮೇಷ್ಟ್ರೊಬ್ಬರನ್ನೂ ಅವರ ಜೊತೆಗಿದ್ದವರನ್ನೂ ಕೊಂದರು. 2011ರಲ್ಲಿ ಕಬ್ಬಿನಾಲೆಯ ಮಲೆಕುಡಿಯರೊಬ್ಬರನ್ನು ಮಾಹಿತಿದಾರನೆಂದು ಶಂಕಿಸಿ ಮುಗಿಸಿದರು. 2012ರಲ್ಲಿ ಕುತ್ಲೂರಿನ ವಿಠಲ ಮಲೆಕುಡಿಯ ಎಂಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವರ ತಂದೆಯನ್ನೂ ಪೊಲೀಸರು ನಕ್ಸಲ್ ನಂಟಿನ ಆರೋಪದಲ್ಲಿ ಹಿಡಿದರು. ನಿರ್ದೋಷಿಗಳೆಂದು ನ್ಯಾಯಾಲಯ ಹೇಳಿದ್ದು 2021ರಲ್ಲಿ. 2024ರ ನವೆಂಬರ್ 18ರ ರಾತ್ರಿ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. ಕೂಡ್ಲುವಿನ ಮಗ ಅವನು. ದಿನಸಿಗೆಂದು ಒಂದು ಮನೆಗೆ ಬಂದಿದ್ದ ಎಂದು ಪೊಲೀಸರು ಹೇಳಿದರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಫೆಬ್ರುವರಿ 2ರಂದು ತೊಂಬಟ್ಟಿನ ಲಕ್ಷ್ಮಿ ಉಡುಪಿ ಜಿಲ್ಲಾಧಿಕಾರಿಗಳ ಎದುರು ಬಂದು ನಿಂತರು. ಕರ್ನಾಟಕ ನಕ್ಸಲ್ ಮುಕ್ತ ಎಂದು ಸರಕಾರ ಸಾರಿತು.

ಬೈಕಿನ ಮಕ್ಕಳಲ್ಲಿ ಹೆಚ್ಚಿನವರು ಈದುವಿನ ಗುಂಡು ಹಾರಿದಾಗ ಹುಟ್ಟಿಯೇ ಇರಲಿಲ್ಲ. ಅವರು ಚಹಾದ ಲೋಟದ ಪಟ ತೆಗೆದುಕೊಂಡು ಹೊರಟರು.

ಸೋಮೇಶ್ವರ ಅಭಯಾರಣ್ಯದ ನೆರಳು ರಸ್ತೆಯ ಮೇಲೆ ಬೀಳುವ ಹೊತ್ತಿಗೆ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಸೀತಾನದಿಯ ದಡದಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ. ಡೇರೆಗಳು, ಬಿದಿರ ಮೆಳೆ, ಮರದಿಂದ ಮರಕ್ಕೆ ಹಾರುವ ಮಂಗಟ್ಟೆಯ ರೆಕ್ಕೆಯ ಬುಸ್‌ಬುಸ್. ಅಲ್ಲಿಂದ ಒಳಗೆ ನಾಡ್ಪಾಲಿನ ಕಡೆಗೆ ದಾರಿ ಸಪುರವಾಗುತ್ತ ಹೋಗುತ್ತದೆ. ಡಾಮರು ಕಾಂಕ್ರೀಟಾಗಿ, ಕಾಂಕ್ರೀಟು ಕಲ್ಲಾಗಿ, ಕಲ್ಲು ಮಣ್ಣಾಗಿ, ಕೊನೆಗೆ ಒಂದು ತೋಡು. ತೋಡಿನ ಮೇಲೆ ಅಡಿಕೆ ಮರದ ಎರಡು ಕಾಂಡ ಕಟ್ಟಿದ ಕಾಲುಸಂಕ. ದಾಟಿದರೆ ಒಂದು ಮನೆ. ಆ ಮನೆಯ ಹೆಸರು ಬೇಡ. ಹೆಸರು ಬರೆಸಿಕೊಂಡು ಬರೆಸಿಕೊಂಡು ಅವರಿಗೆ ಸಾಕಾಗಿದೆ.

ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಮುಟ್ಟಾಳೆ ಹಾಕಿದ ಅಜ್ಜ ಕಾಲಲ್ಲೇ ಅದನ್ನು ಮಗುಚುತ್ತ ಅಂಗಳದುದ್ದ ಗೆರೆ ಎಳೆಯುತ್ತಿದ್ದರು. ‘ಬಲೆ, ಕುಳ್ಳುಲೆ’ ಎಂದರು. ಬನ್ನಿ, ಕುಳಿತುಕೊಳ್ಳಿ. ಒಳಗಿನಿಂದ ಅಜ್ಜಿ ಬೆಲ್ಲದ ತುಂಡು, ತಂಬಿಗೆ ನೀರು ತಂದಿಟ್ಟರು. ಯಾರು, ಎಲ್ಲಿಂದ ಎಂದು ಕೇಳುವುದಕ್ಕೆ ಮೊದಲು ಬೆಲ್ಲ. ಇಡೀ ತುಳುನಾಡಿನ ಕ್ರಮ ಅದು. ಆದರೆ ಈ ಅಂಗಳದಲ್ಲಿ ಕೂತು ಆ ಬೆಲ್ಲ ಕಚ್ಚುವಾಗ, ಕೇಳದೆ ಕೊಡುವುದಕ್ಕೆ ಇವರು ಎಷ್ಟು ಬೆಲೆ ತೆತ್ತಿದ್ದಾರೆ ಎಂಬುದು ನಾಲಗೆಗೆ ತಾಗದಿರುವುದಿಲ್ಲ.

‘ರಾತ್ರಿ ಬಾಗಿಲು ಬಡಿದ್ರೆ ತೆಗೀದೆ ಇರ್ಲಿಕ್ಕಾಗ್ತದಾ ಮಾರಾಯ್ರೆ?’ ಎಂದರು ಅಜ್ಜ. ‘ತೆಗೆದ್ರೆ ಕೋವಿ ಇರ್ತದೆ. ಅನ್ನ ಉಂಟಾ ಅಂತ ಕೇಳ್ತಾರೆ. ಹಸಿದು ಬಂದವರಿಗೆ ಇಲ್ಲ ಅನ್ಲಿಕ್ಕೆ ನಮ್ಗೆ ಬಾಯಿ ಬರೂದಿಲ್ಲ, ಕೋವಿ ಇಲ್ಲದಿದ್ರೂ. ಬೆಳಗ್ಗೆ ಬೇರೆಯವರು ಬರ್ತಾರೆ. ಅವರ ಹತ್ರಾನೂ ಕೋವಿ. ರಾತ್ರಿ ಎಷ್ಟು ಸೇರು ಅಕ್ಕಿ ಬೇಯಿಸಿದ್ದು ಅಂತ ಕೇಳ್ತಾರೆ. ಇವಳು ಗಂಜಿಯ ಮಡಕೆ ತೊಳೆದಿಟ್ರೂ ಕಷ್ಟ, ತೊಳೀದಿದ್ರೂ ಕಷ್ಟ.’ ಅಜ್ಜಿ ನಕ್ಕರು. ಆ ನಗುವಿಗೆ ಏನು ಮಾಡಬೇಕೆಂದು ತಿಳಿಯದೆ ನಾನು ಇನ್ನೊಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಮನೆಯ ಹಿಂದೆ ತೋಟ ಮುಗಿದಲ್ಲಿ ಒಂದು ಪಾದೆ. ಆನೆ ಮಲಗಿದಂಥ ಕರಿಬಂಡೆ. ಇಡೀ ಬೈಲಿನಲ್ಲಿ ಫೋನಿಗೆ ರೇಂಜ್ ಸಿಗುವುದು ಅದರ ನೆತ್ತಿಯಲ್ಲಿ ಮಾತ್ರ. ಹತ್ತು ವರ್ಷದ ಹಿಂದೆ ಸಂಜೆ ಹೊತ್ತು ಅಲ್ಲಿ ನಿಂತು ಮಾತಾಡಿದವನನ್ನು ಮರುದಿನ ಕರೆಸಿ, ಯಾರಿಗೆ ಫೋನು, ಎಂತಕ್ಕೆ ಅಲ್ಲಿ ಹತ್ತಿದ್ದು ಎಂದು ಕೇಳುತ್ತಿದ್ದರಂತೆ. ಈಗ ಅಜ್ಜನ ಪುಳ್ಳಿ, ಅಂದರೆ ಮೊಮ್ಮಗ, ಡಿಗ್ರಿ ಮುಗಿಸಿದವನು, ಅದೇ ಪಾದೆಯ ಮೇಲೆ ನಿಂತು ವಾಟ್ಸ್ಯಾಪ್ ತೆರೆಯುತ್ತಾನೆ. ಭಾನುವಾರ ಎಷ್ಟು ಮಂದಿ ಬರುತ್ತಾರೆ, ಮಧ್ಯಾಹ್ನಕ್ಕೆ ಊಟ ಬೇಕೆಂದವರೆಷ್ಟು, ಎಲ್ಲ ಅಲ್ಲೇ.

ಅಂದು ಎಂಟು ಊಟ. ಕೊಚ್ಚಕ್ಕಿ ಅನ್ನ, ಕಳಲೆಯ ಗಸಿ, ಬಾಳೆದಿಂಡಿನ ಪಲ್ಯ, ಪುನರ್ಪುಳಿ ಸಾರು. ಹಣ ಇಂತಿಷ್ಟೇ ಎಂದು ಹೇಳಲು ಅಜ್ಜಿಗೆ ಇನ್ನೂ ನಾಚಿಕೆ. ಮೊಮ್ಮಗನೇ ಹೇಳಬೇಕು. ‘ಅನ್ನಕ್ಕೆ ದುಡ್ಡು ತಗೊಳ್ಳೂದಾ?’ ಎಂದು ಮೊದಲ ಸಲ ಅಜ್ಜಿ ಅತ್ತೇಬಿಟ್ಟಿದ್ದರಂತೆ. ಅಜ್ಜ ಸಮಾಧಾನ ಮಾಡಿದ ರೀತಿ ಚೆನ್ನಾಗಿತ್ತು: ‘ಇಷ್ಟು ವರ್ಷ ಕೊಡದೆ ಉಂಡು ಹೋದವರದ್ದೂ ಸೇರಿಸಿ ತಗೊ.’

ಜಲಪಾತಕ್ಕೆ ಮೊಮ್ಮಗನೇ ದಾರಿ ತೋರಿಸಿದ. ತಪಾಸಣೆಯ ಗೇಟಿನಲ್ಲಿ ಟಿಕೆಟ್ ಮಾಡಿಸಿ ನಡೆದೆವು. ಕಾಡೊಳಗೆ ಬೆಳಕು ಹನಿಹನಿಯಾಗಿ ಬೀಳುತ್ತದೆ. ರಾಮಪತ್ರೆಯ ಬೇರುಗಳು ಮಂಡಿ ಮಡಿಸಿದ ಕಾಲಿನಂತೆ ನೀರಿನಿಂದೆದ್ದಿವೆ. ಬೆತ್ತದ ಮುಳ್ಳು ಅಂಗಿ ಹಿಡಿದು ‘ನಿಲ್ಲು’ ಎನ್ನುತ್ತದೆ. ಮೊದಲು ತಾಗುವುದು ನೀರಿನ ಸದ್ದಲ್ಲ, ಗಾಳಿಯ ತಂಪು. ಆಮೇಲೆ ಒಂದು ಗುಂಯ್‌. ಆಮೇಲೆ ಮರಗಳು ಸರಿದು, ಎದುರಿಗೆ ಬಂಡೆಯ ಎರಡು ಗೋಡೆಗಳ ನಡುವಿಂದ ಸೀತಾನದಿ ಒಂದೇ ಉಸಿರಿಗೆ ಕೆಳಗೆ ಬೀಳುತ್ತದೆ. ಋಷಿಗಳು ತಪಸ್ಸು ಮಾಡಿದ ಜಾಗವೆಂಬ ನಂಬಿಕೆಯಿಂದ ಇದು ತೀರ್ಥ. ಹನ್ನೊಂದು ಗಂಟೆಗೆ ಬಿಸಿಲು ಕಣಿವೆಗೆ ಇಳಿಯಿತು; ತುಂತುರಿನಲ್ಲಿ ಕಾಮನಬಿಲ್ಲು ಅರ್ಧ ಕಟ್ಟಿ ಹಾಗೇ ನಿಂತಿತು. ಗುಂಡಿಯ ನೀರು ಅಂಚಿನಲ್ಲಿ ಹಸಿರು, ನಡುವೆ ಕಪ್ಪು. ಕಾಲಿಟ್ಟರೆ ಹಲ್ಲು ಕಟಕಟ.

ಬೈಕಿನ ಮಕ್ಕಳು ಅಲ್ಲಿದ್ದರು. ಕಿರುಚಿದರು, ಹಾರಿದರು, ನಡುಗಿದರು. ಕೈಯಗಲದ ಸ್ಪೀಕರಿನಿಂದ ಹಾಡು ಶುರುವಾದಾಗ ಮೊಮ್ಮಗ ಹೋಗಿ ಒಂದು ಮಾತು ಹೇಳಿದ, ಹಾಡು ನಿಂತಿತು. ಏನು ಹೇಳಿದೆ ಎಂದು ಕೇಳಿದೆ. ‘ಇದು ನಮ್ಮ ಮನೆ ಅಂತ ಹೇಳಿದೆ ಸಾರ್. ಅಷ್ಟೇ.’ ಅವನ ಬೆನ್ನಿಗೆ ಗೋಣಿಚೀಲ. ಬರುವ ದಾರಿಯಲ್ಲಿ ಚಿಪ್ಸಿನ ತೊಟ್ಟೆ, ಶಾಂಪೂ ಪ್ಯಾಕೆಟ್, ಒಂಟಿ ಚಪ್ಪಲಿ ಎಲ್ಲ ಅದಕ್ಕೆ ಸೇರಿದ್ದವು. ಕಾಡಿಗೆ ಶಾಂಪೂ ತರುವವರ ತಲೆಯಲ್ಲಿ ಏನಿರುತ್ತದೋ, ಹೊರಗಿನ ಕೂದಲಿನ ವಿಷಯ ಬಿಡಿ.

‘ಇದು ನಮ್ಮ ಮನೆ’ ಎಂದು ಅವನು ಹೇಳಿದ್ದು ಬಾಯಿಮಾತು. ಕಾಗದದಲ್ಲಿ ಹಾಗಿಲ್ಲ. ಇಂಥ ಎಷ್ಟೋ ಮನೆಗಳಿಗೆ ಪಹಣಿ ಇಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಾಯಿಸಬೇಕಾದರೆ ಮನೆಯ ದಾಖಲೆ ಬೇಕು, ಪೊಲೀಸರ ನಿರಾಕ್ಷೇಪಣಾ ಪತ್ರ ಬೇಕು. ರಾತ್ರಿ ಯಾರು ಉಂಡರೆಂದು ಪೊಲೀಸರಿಗೆ ಇಪ್ಪತ್ತು ವರ್ಷ ಉತ್ತರ ಕೊಟ್ಟ ಮನೆ, ಈಗ ರಾತ್ರಿ ಯಾರನ್ನಾದರೂ ಉಳಿಸಿಕೊಳ್ಳಲು ಅದೇ ಠಾಣೆಯ ಚೀಟಿ ತರಬೇಕು. ಹೀಗಾಗಿ ಕಾಡಂಚಿನಲ್ಲಿ ‘ಪ್ರಕೃತಿಯ ಮಡಿಲಲ್ಲಿ’ ಎಂದು ಬೋರ್ಡು ಹಾಕುವುದು ಪಟ್ಟಾ ಜಾಗ ಇದ್ದವರು, ಅಥವಾ ಪೇಟೆಯಿಂದ ಬಂದು ಜಾಗ ಕೊಂಡವರು. ಕಾಡೊಳಗಿನವರು ಅಲ್ಲಿ ಪಾತ್ರೆ ತೊಳೆಯುತ್ತಾರೆ, ಸಂಜೆ ಬೆಂಕಿಗೆ ಸೌದೆ ಜೋಡಿಸುತ್ತಾರೆ. ನನ್ನನ್ನು ಕೇಳಿದರೆ, ಇಲ್ಲಿ ಸುಸ್ಥಿರ ಪ್ರವಾಸೋದ್ಯಮ ಎಂಬ ದೊಡ್ಡ ಶಬ್ದದ ಇಡೀ ಜಗಳ ಇಷ್ಟೇ: ಬಂದವರಿಗೆ ಬಾಗಿಲು ತೆಗೆಯುವ, ಬೇಡವಾದಾಗ ಹಾಕಿಕೊಳ್ಳುವ ಅಧಿಕಾರ ಯಾರದ್ದು? ಈ ಮನೆಯವರಿಗೆ ಅದು ರಾತ್ರಿಯೂ ಇರಲಿಲ್ಲ, ಹಗಲೂ ಇರಲಿಲ್ಲ.

ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಯ ಕೈಗೆ ಕೀಲಿಕೈ ಕೊಡುತ್ತದೆ. ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ, ಹುಲಿ ಸಂರಕ್ಷಿತ ಪ್ರದೇಶದ ಒಳಗೇ, ಸೋಲಿಗರ 25 ಗ್ರಾಮಸಭೆಗಳು 2011ರಲ್ಲಿ ಸಮುದಾಯ ಹಕ್ಕು ಪಡೆದವು. ದೂರದ ರುವಾಂಡಾದಲ್ಲಿ 1994ರ ನರಮೇಧದ ನಂತರ ಗೊರಿಲ್ಲಾ ನೋಡಲು ಬರುವವರ ದುಡ್ಡಿನಲ್ಲಿ ಉದ್ಯಾನದ ಸುತ್ತಲಿನ ಊರುಗಳಿಗೆ ಪಾಲು ಎಂದು ಬರೆದಿಟ್ಟರು: 2005ರಲ್ಲಿ ಶೇಕಡಾ 5, 2017ರಿಂದ ಶೇಕಡಾ 10. ಹತ್ತು ದೊಡ್ಡ ಸಂಖ್ಯೆಯಲ್ಲ, ಆದರೆ ಬರೆದಿಟ್ಟದ್ದು ದೊಡ್ಡದು. ಶ್ರೀಲಂಕೆಯ ಉತ್ತರದಲ್ಲಿ ಯುದ್ಧ ಮುಗಿದ ಮೇಲೆ ಬೇರೆಯದೇ ದಾರಿ ಹಿಡಿದರು. ಕಾಂಕೇಸನ್‌ತುರೈಯ ಕಡಲದಂಡೆಯಲ್ಲಿ ಸೈನ್ಯವೇ ರೆಸಾರ್ಟ್ ನಡೆಸಿತು. ಕಾದವರೇ ಅತಿಥಿ ಸತ್ಕಾರಕ್ಕೂ ನಿಂತರೆ ಮನೆಯವರು ಎಲ್ಲಿ ನಿಲ್ಲಬೇಕು?

ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿದ್ದಾರೆ, ಬುಕಿಂಗ್ ಆನ್‌ಲೈನ್. ಒಳ್ಳೆಯದೇ. ಆ 300 ಎಂಬ ಅಂಕಿಯನ್ನು ಹೇಳುವಾಗ ಬುಡದ ಮನೆಯವರನ್ನೂ ಒಂದು ಮಾತು ಕೇಳಿದ್ದರೆ ಇನ್ನೂ ಒಳ್ಳೆಯದಿತ್ತು. ಅಜ್ಜನ ಲೆಕ್ಕ ಬೇರೆ. ‘ಸಂಕದ ಮೇಲೆ ಒಂದು ಸಲಕ್ಕೆ ಒಬ್ಬರು. ಅಷ್ಟೇ ಜನ ಬಂದ್ರೆ ಸಾಕು.’ ತಮಾಷೆಗೆ ಹೇಳಿದ್ದಲ್ಲ. 2022ರ ಆಗಸ್ಟಿನಲ್ಲಿ ಇದೇ ಜಿಲ್ಲೆಯ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಜಲಪಾತಕ್ಕೆ ರಸ್ತೆ ಬರುತ್ತದೆ ಎಂದು ಕೇಳಿದಾಗ ಅಜ್ಜಿ ಕೇಳಿದ್ದು ಒಂದೇ: ‘ನಮ್ಮ ಸಂಕದ ಮೇಲಿಂದ ಬರ್ತದಾ, ಬದಿಯಿಂದ ಹೋಗ್ತದಾ?’

ಮಧ್ಯಾಹ್ನ ಇಳಿದು ಮುನಿಯಾಲು ದಾರಿಯಾಗಿ ಕಾರ್ಕಳಕ್ಕೆ ಹೊರಟೆ. ವರಂಗದ ಕೆರೆ ಬಸದಿ ನೀರಿನ ನಡುವೆ ತನ್ನದೇ ನೆರಳಿನ ಮೇಲೆ ಕೂತಿತ್ತು. ದೋಣಿಯಲ್ಲಿ ಒಂದು ಕುಟುಂಬ, ತಾವರೆ ಎಲೆ ಸರಿಸುವ ಹುಟ್ಟು. ನಿಲ್ಲಲು ಹೊತ್ತಿರಲಿಲ್ಲ.

ಕಾರ್ಕಳದಲ್ಲಿ ಬಂಡೆಯ ಮೆಟ್ಟಿಲು ಹತ್ತಿ ಗೊಮ್ಮಟನ ಪಾದದ ಬಳಿ ಕೂತೆ. 42 ಅಡಿ. 1432ರಲ್ಲಿ ಭೈರವ ಅರಸು ವೀರಪಾಂಡ್ಯ ನಿಲ್ಲಿಸಿದ್ದು. ಈ ಊರು ತಲೆ ಎತ್ತಿ ನೋಡುವುದು ಗೆದ್ದು ಬಿಟ್ಟವನನ್ನು. ಅಣ್ಣತಮ್ಮಂದಿರ ಜಗಳಕ್ಕೆ ಸೈನ್ಯ ಸಾಯುವುದು ಬೇಡವೆಂದು ಇಬ್ಬರೇ ಹೋರಾಡಿದರು: ದೃಷ್ಟಿಯಲ್ಲಿ, ನೀರಿನಲ್ಲಿ, ಮಲ್ಲಯುದ್ಧದಲ್ಲಿ. ಗೆದ್ದವನು ರಾಜ್ಯ ಅಣ್ಣನಿಗೇ ಕೊಟ್ಟು ಕಾಡಿಗೆ ಹೋಗಿ, ಬಳ್ಳಿ ಮೈಗೆ ಹಬ್ಬುವವರೆಗೆ ನಿಂತ. ಕಲ್ಲಿನ ಬಳ್ಳಿ ಈಗಲೂ ತೊಡೆ ಬಳಸಿ ತೋಳಿಗೆ ಏರಿದೆ. ನಕ್ಸಲ್ ನಿಗ್ರಹ ಪಡೆಯ ಕೇಂದ್ರ ಠಾಣ್ಯವೂ ಇದೇ ಊರಿನಲ್ಲಿ. 2025ರಲ್ಲಿ ಆ ಪಡೆಯ 248 ಮಂದಿಯನ್ನು ತೆಗೆದು ಕರಾವಳಿಯ ಕೋಮು ಗಲಭೆ ತಡೆಯಲು ವಿಶೇಷ ಕಾರ್ಯಪಡೆ ಕಟ್ಟಿದರು. ಘಟ್ಟದ ಭಯ ಇಳಿಯಿತು ಎನ್ನುವಾಗ ಬಯಲಿನಲ್ಲಿ ಇನ್ನೊಂದಕ್ಕೆ ಜನ ಬೇಕಾಯಿತು.

ಪ್ರವಾಸೋದ್ಯಮ ಎಂದಾಗ ಕಾರ್ಕಳದವರು ಒಂದು ನಿಟ್ಟುಸಿರು ಬಿಡುತ್ತಾರೆ. ಅದು ಬೈಲೂರಿನ ಉಮಿಕ್ಕಳ ಬೆಟ್ಟದ ಕಡೆಯದು. ಪರಶುರಾಮ ಥೀಮ್ ಪಾರ್ಕ್, 33 ಅಡಿಯ ವಿಗ್ರಹ, 2023ರ ಜನವರಿಯಲ್ಲಿ ಅದ್ದೂರಿ ಉದ್ಘಾಟನೆ. ಕಂಚಿನದ್ದು ಹೌದೋ ಅಲ್ಲವೋ ಎಂಬ ವಿವಾದ ಎದ್ದು, ಅದೇ ವರ್ಷ ಮೇಲ್ಭಾಗವನ್ನು ಇಳಿಸಿದರು. ಆಮೇಲಿನದ್ದು ತನಿಖೆ, ಕೋರ್ಟು, ಭಾಷಣ. ಅದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ಆದರೆ ಆ ಕೋಟಿಗಳ ಬೆಟ್ಟದ ಮುಂದೆ ಅಡಿಕೆ ಮರದ ಎರಡು ಕಾಂಡದ ಸಂಕ ನನಗೆ ಮತ್ತೆ ಮತ್ತೆ ಕಣ್ಣಿಗೆ ಬಂತು.

ಬೆಳ್ಮಣ್ ದಾಟಿ ಪಡುಬಿದ್ರಿ. ಇಲ್ಲಿನ ಕಡಲ ಕಿನಾರೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧಿ, ಕಸ, ಶೌಚಾಲಯ, ಕಾವಲುಗಾರರು, ಎಲ್ಲ ಸೇರಿ 33 ಮಾನದಂಡ. ಮರಳನ್ನು ಬಾಚಣಿಗೆಯಲ್ಲಿ ಬಾಚಿದಂತೆ ಗುಡಿಸುತ್ತಾರೆ. ಸಮುದ್ರಕ್ಕೆ ಮೂವತ್ತಮೂರು ಪ್ರಶ್ನೆ ಕೇಳುವ ವ್ಯವಸ್ಥೆ ನಮ್ಮಲ್ಲಿದೆ ಎಂದಾಯಿತು. ಅದೇ ನೀರು ಘಟ್ಟದಿಂದ ಹೊರಡುವಲ್ಲಿ ಕೇಳುವುದು ಗೋಣಿಚೀಲ ಹೊತ್ತ ಒಬ್ಬ ಹುಡುಗ.

ಕಾಪು ಮುಟ್ಟುವಾಗ ಸೂರ್ಯ ಕೆಳಗಿಳಿದಿದ್ದ. 1901ರ ದೀಪಸ್ತಂಭ, ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆ ಉಟ್ಟು ನಿಂತಿದೆ. ಒಳಗಿನ ಸುತ್ತು ಮೆಟ್ಟಿಲು ಹತ್ತಿ ಮೇಲೆ ಬಂದರೆ ಗಾಳಿ ಅಂಗಿಯನ್ನು ಹಾಯಿ ಮಾಡುತ್ತದೆ. ಕೆಳಗೆ ಅಲೆ ಬಂಡೆಗೆ ಒಡೆದು ಬಿಳಿ ಚೆಲ್ಲುತ್ತಿತ್ತು. ಚರುಮುರಿ ಗಾಡಿಗಳ ಗಂಟೆ, ಒಂಟೆಯ ಮೇಲೆ ಕೂತು ಅಳುವ ಮಗು, ದೂರದಲ್ಲಿ ಮಲ್ಪೆಗೆ ಮರಳುವ ಬೋಟುಗಳ ಸಾಲು. ಜನರೆಲ್ಲ ಪಡುವಣಕ್ಕೆ ಮುಖ ಮಾಡಿ ಮೊಬೈಲು ಎತ್ತಿ ಹಿಡಿದಿದ್ದರು. ಮೂಡಣಕ್ಕೆ ತಿರುಗಿದವನು ನಾನೊಬ್ಬ. ಬೆಳಗ್ಗಿನ ನೀಲಿ ಗೆರೆ ಈಗ ಮಸಿಯ ಗೆರೆ. ಅದರ ಬುಡದಲ್ಲಿ ಎಲ್ಲೋ ಒಂದು ಅಂಗಳದಲ್ಲಿ ಅಡಿಕೆಯನ್ನು ರಾಶಿ ಮಾಡಿ ಟಾರ್ಪಾಲು ಹೊದೆಸಿರಬೇಕು.

‘ಟೈಮಾಯ್ತು, ಇಳೀರಿ’ ಎಂದು ಕಾವಲುಗಾರ ಕೂಗಿದ. ಇಳಿದು ಮರಳಿಗೆ ಕಾಲಿಟ್ಟಾಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಮೊಮ್ಮಗನ ಮೆಸೇಜು:

‘ಮನೆ ಮುಟ್ಟಿದ್ರಾ ಸಾರ್? ಅಜ್ಜ ಕೇಳ್ತಿದ್ದಾರೆ.’

ಅಲ್ಲಿ ಆಗಲೇ ಕತ್ತಲೆ. ಟಾರ್ಚು ಹಿಡಿದು ತೋಟ ದಾಟಿ ಪಾದೆ ಹತ್ತಿರಬೇಕು ಹುಡುಗ. ಬೇಗ ಉತ್ತರ ಬರೆದೆ, ಅವನು ಇಳಿಯುವ ಮೊದಲು ಮುಟ್ಟಲಿ ಎಂದು.